ಮನೆಗೆ ಕಳ್ಳರು ನುಗ್ಗಿದ್ದಾರಂತೆ ಸಾರ್

ನಮ್ಮನೇಲಿ ಕರೆಂಟ್ ಹೋದ್ರೆ ಫೋನೂ ಹೋಗತ್ತೆ. ಕಾರ್ಡ್‌ಲೆಸ್ ಅಲ್ಲ ಸ್ವಾಮಿ, ಗೋಡೆಗೆ ವೈರು ಸಿಕ್ಕಿಸಿರೋ ಹಳೇ ಲ್ಯಾಂಡ್‌ಲೈನು, ಅದಕ್ಕೂ ಮನೆ ಕರೆಂಟಿಗೂ ಯಾವ ಸಂಬಂಧನೂ ಇಲ್ಲ, ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿಂದಲೇ ತಂತೀಲಿ ಬರತ್ತೆ, ಆದ್ರೂ ಹೋಗತ್ತೆ. ಬೆಂಗಳೂರಲ್ಲಿ ಎರಡು ಹನಿ ಮಳೆ ಬಿದ್ರೆ ಸಾಕು ಕರೆಂಟ್ ಮಾಯ, ಅದರ ಹಿಂದೆನೇ ಡಯಲ್ ಟೋನ್ ಮಾಯ. ಕರೆಂಟ್ ವಾಪಸ್ ಬಂದ ಮೇಲೂ ಫೋನ್ ತನಗೆ ಮನಸ್ಸು ಬಂದಾಗ ಬರತ್ತೆ. ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾಕ್ರೀ ಅಂತ ಕೇಳ್ಬೇಡಿ. ಅಪ್ಪನ್ನ ನಾನು ಒಂದ್ಸಲ ಕೇಳಿದ್ದೆ, ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಫೋನ್ ತಗೊಂಡ ಕಥೆ ಪೂರ್ತಿ ಮೊದಲಿಂದ ಕೇಳ್ಬೇಕಾಯ್ತು.

ಕಂಪ್ಲೇಂಟ್ ಕೊಟ್ರೆ "ನಮ್ಮ ಕಡೆ ಲೈನ್ ಸರಿ ಇದೆ ಸಾರ್, ನಿಮ್ಮ ಇನ್‌ಸ್ಟ್ರುಮೆಂಟ್ ಪ್ರಾಬ್ಲಮ್ಮು" ಅಂತಾರೆ. ಇನ್‌ಸ್ಟ್ರುಮೆಂಟ್ ಬದಲಾಯಿಸಿದ್ದಾಯ್ತು. ಬ್ರಾಡ್‌ಬ್ಯಾಂಡಿನ ಫಿಲ್ಟರ್ ಬದಲಾಯಿಸಿದ್ದಾಯ್ತು. ಎಸ್.ಪಿ. ರೋಡಿಗೆ ಹೋಗಿ, ಪಾರ್ಕಿಂಗ್ ಸಿಗದೆ ಬೈಸ್ಕೊಂಡು, ಹೊಸ ವೈರೂ ತಂದಿದ್ದಾಯ್ತು.

ಇದೆಲ್ಲಕ್ಕಿಂತ ತಲೆ ತಿನ್ನೋದು ಅಪ್ಪ ಲೈನ್ ಚೆಕ್ ಮಾಡೋ ರೀತಿ. ಫೋನ್‌ಗೆ ಜೀವ ಬಂತು ಅಂತ ಗೊತ್ತಾದ ತಕ್ಷಣ "ಏ, ನಿನ್ನ ಮೊಬೈಲಿಂದ ಒಂದು ಹೊಡಿ" ಅಂತಾರೆ. ನಾನು ಸೋಫಾ ಮೇಲೆ, ಅವರು ಅದೇ ಸೋಫಾದ ಪಕ್ಕದ ಸ್ಟೂಲ್ ಮೇಲೆ. ರಿಂಗ್ ಆಗತ್ತೆ, ಕನ್ನಡಕ ಹಾಕ್ಕೋತಾರೆ, ಗಂಟಲು ಸರಿ ಮಾಡ್ಕೋತಾರೆ, ಮೂರನೇ ರಿಂಗಿಗೇ ಎತ್ತೋದು. "ಹಲೋ, ನಮಸ್ಕಾರ, ಯಾರು ಮಾತಾಡೋದು?"

"ಅಪ್ಪಾ, ನಾನು."

"ನಾನು ಅಂದ್ರೆ?"

ಹೆಸರು ಹೇಳ್ಬೇಕು. ಹೇಳದೆ ಇದ್ರೆ ರಾಂಗ್ ನಂಬರ್ ಅಂತ ಇಟ್ಟುಬಿಡ್ತಾರೆ, ಮತ್ತೆ ಹೊಡೀಬೇಕು. ಹೆಸರು ಹೇಳಿದ್ಮೇಲೆ "ಆಂ, ಹೇಳಪ್ಪಾ, ಎಲ್ಲಿಂದ ಮಾತಾಡ್ತಿದೀಯ? ಊಟ ಆಯ್ತಾ?" ಇಬ್ಬರೂ ಒಂದೇ ಹುಳಿ ಸುರ್ಕೊಂಡು ಹತ್ತು ನಿಮಿಷ ಆಗಿರಲ್ಲ. ಬರೀ ಹಲೋ ಅಂದ್ರೆ ಲೈನ್ ಗೊತ್ತಾಗಲ್ವಂತೆ, ನಾಕು ಮಾತಾಡಿದ್ರೇನೇ ಗೊರಗೊರ ಇದ್ಯೋ ಇಲ್ವೋ ತಿಳಿಯೋದಂತೆ. ಅಮ್ಮ ಅಡಿಗೆಮನೆಯಿಂದ "ಯಾರ್ದು ಫೋನು?" ಅಂತಾರೆ. ಅಪ್ಪ ರಿಸೀವರ್ ಮೇಲೆ ಕೈ ಮುಚ್ಕೊಂಡು "ಮಗಂದು" ಅಂತಾರೆ.

ಮೊನ್ನೆ ಕೊನೆಗೂ ಲೈನ್‌ಮ್ಯಾನ್ ಬಂದ. ಗೇಟ್ ಹತ್ರ ವೈರ್ ಒಳಗೆ ಬರೋ ಜಾಗದಲ್ಲಿ ತನ್ನ ಟೆಸ್ಟ್ ಫೋನಿನ ಕ್ಲಿಪ್ ಕಚ್ಚಿಸಿದ. "ಟೋನ್ ಚೆನ್ನಾಗೇ ಬರ್ತಿದೆಯಲ್ಲ ಸಾರ್" ಅಂತ ಶುರು ಮಾಡಿದ ಅಷ್ಟರಲ್ಲಿ ನಮ್ಮ ಪುಣ್ಯಕ್ಕೆ ಕರೆಂಟ್ ಹೋಯ್ತು. ಅವನು ಸುಮ್ನಾದ. ಫೋನನ್ನ ಕಿವಿಗೆ ಒತ್ತಿ ಹಿಡ್ಕೊಂಡು ನಿಧಾನಕ್ಕೆ ತಲೆ ಎತ್ತಿ ನಮ್ಮನೆ ಕಡೆ ನೋಡಿದ. ವರಾಂಡದಲ್ಲಿ ಅಪ್ಪ ಬನೀನು ಪಂಚೇಲಿ ನಿಂತ್ಕೊಂಡು ಬೀಸಣಿಗೆ ಬೀಸ್ಕೋತಿದ್ರು. ಲೈನ್‌ಮ್ಯಾನ್ ದನಿ ತಗ್ಗಿಸಿ ನನ್ನ ಕೇಳಿದ, "ಸಾರ್, ಒಳಗೆ ಕಳ್ಳರು ನುಗ್ಗಿದ್ದಾರಂತೆ?"

ನಾನೂ ಕಿವಿ ಕೊಟ್ಟೆ. ಅಪ್ಪಂದೇ ದನಿ, ಇಪ್ಪತ್ತೈದು ವರ್ಷ ಚಿಕ್ಕದು, ಆಕಾಶವಾಣಿ ವಾರ್ತೆ ಓದೋ ಥರ: "ನಮ್ಮ ಮನೆಗೆ ಕಳ್ಳರು ನುಗ್ಗಿದ್ದಾರೆ. ದಯವಿಟ್ಟು ಕೂಡಲೇ ಬನ್ನಿ. ಧನ್ಯವಾದಗಳು."

ವೈರ್ ಹಿಡ್ಕೊಂಡು ಹೋದ್ರೆ ಅದು ಅಟ್ಟ ಹತ್ತಿ, ಗೌರಿ ಹಬ್ಬದ ಸಾಮಾನಿನ ಡಬ್ಬ ದಾಟಿ, ತಾಮ್ರದ ಹಂಡೆ ಹಿಂದೆ ಇರೋ ಬೂದು ಬಣ್ಣದ ತಗಡಿನ ಪೆಟ್ಟಿಗೆ ಒಳಗೆ ಹೋಗಿತ್ತು. ಅಪ್ಪ ಯಾವ ಕಾಲದಲ್ಲೋ ಹಾಕಿಸಿದ್ದ ಕಳ್ಳರ ಅಲಾರಂ! ಬೆಕ್ಕು ಬಂದಾಗೆಲ್ಲ ಕಿರುಚ್ಕೊಳತ್ತೆ ಅಂತ ಸೈರನ್ ವೈರ್ ಕಟ್ ಮಾಡಿಸಿದ್ರು, ಪೆಟ್ಟಿಗೆ ಮಾತ್ರ ಮರೆತೇಹೋಗಿತ್ತು. ಒಳಗಿದ್ದ 12 ವೋಲ್ಟ್ ಬ್ಯಾಟರಿ ಹೊಟ್ಟೆ ಉಬ್ಬಿಸ್ಕೊಂಡು, ಟರ್ಮಿನಲ್ ಮೇಲೆ ಬಿಳೀ ಪುಡಿ, ಪಕ್ಕದಲ್ಲಿ ಎರಡು ಹಲ್ಲಿ ಮೊಟ್ಟೆ. ಕಳ್ಳ ರಿಸೀವರ್ ಎತ್ತಿಟ್ಟು ಫೋನ್ ಹೋಗದ ಹಾಗೆ ಮಾಡಬಾರದು ಅಂತ ಇಂಥ ಪೆಟ್ಟಿಗೇನ ಲೈನಿಗೆ ಎಲ್ಲಕ್ಕಿಂತ ಮೊದಲು ಕೂರಿಸ್ತಾರೆ, ಮನೆ ಫೋನೆಲ್ಲ ಅದರ ಆಮೇಲೆ. ಕರೆಂಟ್ ಹೋದ್ರೆ ಅರೆಜೀವದ ಬ್ಯಾಟರಿ ಕುಸಿಯತ್ತೆ, ಪೆಟ್ಟಿಗೆ ಯಾರೋ ವೈರ್ ಕತ್ತರಿಸಿದ್ರು ಅಂತ ಗಾಬರಿಯಾಗಿ ನಮ್ಮ ಫೋನನ್ನ ಆಚೆ ತಳ್ಳಿ ತಾನು ಡಯಲ್ ಮಾಡತ್ತೆ, ಲೈನ್ ಬದಲಾಯಿಸೋ ಒಳಗಿನ ಸ್ವಿಚ್ಚು, ಅಂದ್ರೆ ರಿಲೇ, ಅಲ್ಲೇ ಅಂಟ್ಕೊಂಡುಬಿಡತ್ತೆ.

ಡಯಲ್ ಮಾಡ್ತಿದ್ದಿದ್ದು ಯಾರಿಗೆ ಅಂದ್ರೆ, ಪಕ್ಕದ ಕ್ರಾಸಲ್ಲಿದ್ದ ಚಿಕ್ಕಪ್ಪನ ಮನೆಗೆ. ಅದೂ ಹಳೇ 7 ಅಂಕಿ ನಂಬರಿಗೆ. ಬೆಂಗಳೂರಿನ ನಂಬರುಗಳ ಮುಂದೆ 2 ಸೇರಿಸಿ 8 ಅಂಕಿ ಮಾಡಿ ಎಷ್ಟು ಕಾಲವಾಯ್ತು, ಚಿಕ್ಕಪ್ಪ ಮನೆ ಮಾರಿ ಮೈಸೂರಿಗೆ ಹೋಗಿ ಎಷ್ಟು ಕಾಲವಾಯ್ತು, ಅಲ್ಲೀಗ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು. ಆ ಕಡೆ ಎತ್ತಿದ್ರೋ ಇಲ್ವೋ ಅಂತ ನೋಡೋ ಬುದ್ಧಿನೂ ಇದಕ್ಕಿಲ್ಲ, ಹೇಳೋದನ್ನ ಹೇಳಿ ಧನ್ಯವಾದ ಅಂದು ಇಡತ್ತೆ ಅಷ್ಟೆ. ಚಿಕ್ಕಪ್ಪ ಇದ್ದಿದ್ರೆ ಟಾರ್ಚು, ಕ್ರಿಕೆಟ್ ಬ್ಯಾಟು ಹಿಡ್ಕೊಂಡು ಎರಡು ನಿಮಿಷದಲ್ಲಿ ಓಡಿ ಬರ್ತಿದ್ರು.

ಲೈನ್‌ಮ್ಯಾನ್ ಪೆಟ್ಟಿಗೆ ತಪ್ಪಿಸಿ ವೈರ್ ನೇರ ಸೇರಿಸೋಕೆ ಕೂತ. ನಾನು ಸುಲಿದ ತುದಿ ಎರಡೂ ಬೆರಳಲ್ಲಿ ಹಿಡ್ಕೊಂಡಿದ್ದೆ, 48 ವೋಲ್ಟ್ ಒಣಗಿದ ಕೈಗೆ ಗೊತ್ತೇ ಆಗಲ್ಲ. ಆದ್ರೆ ರಿಂಗ್ ಬರೋವಾಗ ಅದೇ ತಂತೀಲಿ ಸುಮಾರು 75 ವೋಲ್ಟ್ ಎಸಿ ಬರತ್ತೆ. ಕೆಳಗೆ ಅಪ್ಪನಿಗೆ ಲೈನ್ ಚೆಕ್ ಮಾಡೋಣ ಅನ್ನಿಸ್ತು. ಅಮ್ಮನ ಮೊಬೈಲಿಂದ ಹೊಡೆದ್ರು. ನಾನು ಅಟ್ಟದ ಮೇಲಿಂದ ಕಿರುಚಿದ್ದಕ್ಕೆ ಕೆಳಗಿಂದ ಕೇಳಿದ್ರು, "ಏನೋ, ರಿಂಗ್ ಬಂತಾ?"

ಬಂತು.

ಈಗ ಫೋನ್ ಸರಿಯಾಗಿದೆ, ಅಪ್ಪನ ಸಮಾಧಾನ ಹೋಗಿದೆ. "ಕಳ್ಳರು ಬಂದ್ರೆ ಯಾರು ಫೋನ್ ಮಾಡ್ತಾರೆ?" ಅಂತ ರಾಗ. ಸಿಮ್ ಹಾಕೋ ಹೊಸ ಅಲಾರಂ ನೋಡಿದ್ವಿ, ಮೂರು ನಂಬರ್ ಕೊಡಿ ಅಂದ್ರು. ನಂದು ಒಂದು. ಆಮೇಲೆ ಇಬ್ಬರೂ ಸುಮಾರು ಹೊತ್ತು ಸುಮ್ನೆ ಕೂತಿದ್ವಿ. ಈ ಬೀದೀಲಿ ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿ ಓಡಿ ಬರೋ ಮನೆ ಯಾವುದು ಅಂತ ನಂಗೂ ಹೊಳೀಲಿಲ್ಲ, ಅವರಿಗೂ ಹೊಳೀಲಿಲ್ಲ.

"ಆ ಲೈನ್‌ಮ್ಯಾನ್ ನಂಬರ್ ಹಾಕು" ಅಂದ್ರು ಅಪ್ಪ. "ಇಷ್ಟು ವರ್ಷದಲ್ಲಿ ನಾನು ಹೇಳಿದ್ದು ಕೇಳಿಸ್ಕೊಂಡೋನು ಅವನೊಬ್ಬನೇ."