ಸತ್ತವರು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾರೆ?

ಪುಣೆಯ ಖಡಕಿಯಲ್ಲಿ ನಮ್ಮ ನೆರೆಮನೆಯ ಹವಾಲ್ದಾರ್ ಕಾಕಾ ತೀರಿಕೊಂಡರು. ಅವರ ಮೊಣಕಾಲು ಮಾತ್ರ ಇನ್ನೂ ಓಡಾಡುತ್ತಿದೆ. ಬದುಕಿದ್ದಾಗ ನಾಲ್ಕು ಮೆಟ್ಟಿಲಿಗೆ ಒಮ್ಮೆ ನಿಲ್ಲುತ್ತಿದ್ದ ಆ ಕಾಲು, ಈಗ ಕಡತದ ರೂಪ ತಾಳಿ, ಕಂಡ ಕಂಡ ಕಚೇರಿಗಳ ಮೆಟ್ಟಿಲನ್ನು ಸಲೀಸಾಗಿ ಹತ್ತಿ ಇಳಿಯುತ್ತಿದೆ.

ಸೇನೆಯಿಂದ ಬಿಡುಗಡೆಯ ವೇಳೆ ವೈದ್ಯಕೀಯ ಮಂಡಳಿ ಅದಕ್ಕೆ ನೂರಕ್ಕೆ 20 ಅಂಕ ಕೊಟ್ಟಿತ್ತು. ಅಂಗವೈಕಲ್ಯ ಪಿಂಚಣಿಗೆ ಅಷ್ಟಾದರೆ ತೇರ್ಗಡೆ. ಮೇಲಾಗಿ 20 ಇದ್ದದ್ದನ್ನು 50 ಎಂದು ಎಣಿಸುವ ಔದಾರ್ಯವೂ ಸರ್ಕಾರಕ್ಕುಂಟು. ಆದರೆ ಅದೇ ಹಾಳೆಯ ಕೆಳಗೆ, ಮಡಿಕೆ ಸವೆದು ಅಕ್ಷರ ಅರ್ಧ ಹಾರಿಹೋದ ಜಾಗದಲ್ಲಿ, ಈ ನೋವು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಬರೆದಿತ್ತು. ಹದಿನೇಳು ವರ್ಷ ಸೇನೆಯ ಬೂಟಿನೊಳಗಿದ್ದ ಕಾಲು ನೋವನ್ನು ಬಹುಶಃ ರಜೆಯಲ್ಲಿ ಸಂಪಾದಿಸಿಕೊಂಡಿರಬೇಕು. ಸೇರುವಾಗ ಆರೋಗ್ಯವಂತನೆಂದು ಬರೆದುಕೊಂಡವನಿಗೆ ಆಮೇಲೆ ಬಂದ ಕಾಯಿಲೆ ಸೇವೆಯದೇ ಎಂದು ಭಾವಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆಯಲ್ಲ ಎನ್ನಬಹುದು. ಹೇಳಿದೆ, ನಿಜ, ಅದನ್ನು ಯಾವ ಕೋರ್ಟಿನ ಮುಂದೆ ನಿಂತು ನೆನಪಿಸಬೇಕು ಎಂಬುದೇ ತಕರಾರು.

ಸೈನಿಕರಿಗೆಂದೇ 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. ಅದರ ಆದೇಶದ ವಿರುದ್ಧ ಹೈಕೋರ್ಟ್‌ಗಳು ರಿಟ್ ಅರ್ಜಿ ಎತ್ತಿಕೊಳ್ಳಬಾರದೆಂದು 2015ರಲ್ಲಿ, ಎತ್ತಿಕೊಳ್ಳಬಹುದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾನೂನು ಹೊರಟಲ್ಲಿಗೇ ಮರಳಲು ಎಂಟು ವರ್ಷ ಹಿಡಿಯಿತು. ಕಾಕಾ ಅಷ್ಟು ಕಾಯಲಿಲ್ಲ, ಅವರಿಗೆ ಶಿಸ್ತು ಕಡಿಮೆ.

ಇನ್ನು ಊರಿನ ಪ್ರಶ್ನೆ. ನಿವೃತ್ತನಾದವನು ಅರ್ಜಿ ಹಾಕುವ ಹೊತ್ತಿಗೆ ತಾನು ಸಾಮಾನ್ಯವಾಗಿ ವಾಸಿಸುವ ಸ್ಥಳದ ಪೀಠಕ್ಕೆ ಹೋಗಬಹುದು ಎನ್ನುತ್ತದೆ ನ್ಯಾಯಮಂಡಳಿಯ 2008ರ ನಿಯಮಾವಳಿ. ವಾರಸುದಾರರನ್ನೂ ಕಾಯ್ದೆ ಒಳಗೆ ಬಿಟ್ಟುಕೊಂಡಿದೆಯಾದರೂ, ಕಾಕಾನ ಹೆಂಡತಿ ಕಾಕು ಬಟ್ಟೆಯ ಚೀಲ ಹಿಡಿದು ನಿಂತ ಕಿಟಕಿಯ ಗುಮಾಸ್ತರು ನಿಯಮವನ್ನು ಅಕ್ಷರಶಃ ಓದುವ ಜಾತಿಯವರು: ಇದು ಯಜಮಾನರ ಹಕ್ಕು, ಆದ್ದರಿಂದ ಯಜಮಾನರ ಈಗಿನ ವಾಸಸ್ಥಳ ಬೇಕು. ಅಸ್ಥಿಯಲ್ಲಿ ಅರ್ಧವನ್ನು ಆಳಂದಿಯ ಇಂದ್ರಾಯಣಿಗೂ ಉಳಿದರ್ಧವನ್ನು ಊರಿನ ಮಲಪ್ರಭೆಗೂ ಬಿಟ್ಟದ್ದರಿಂದ ವ್ಯಾಪ್ತಿ ಎರಡು ರಾಜ್ಯಗಳಿಗೆ ಹರಡಿದೆ ಎಂದು ನಾನು ನಡುವೆ ಬಾಯಿ ಹಾಕಿದೆ. ಅವರು ಅದನ್ನು ಗಂಭೀರವಾಗಿಯೇ ಬರೆದುಕೊಂಡು, "ಸದ್ಯ ಎಲ್ಲಿರ್ತಾರೆ?" ಎಂದು ಕಾಕುವನ್ನು ಮತ್ತೆ ಕೇಳಿದರು.

"ಗ್ವಾಡಿ ಮ್ಯಾಲ ಇರ್ತಾರ್ರೀ," ಎಂದರು ಕಾಕು. "ದಿನಾ ಮುಂಜಾನೆ ಹಾರ ನಾನs ಹಾಕ್ತೀನಿ."