ಸಾಕ್ಷಿ ಬರಲಿಲ್ಲ, ವಾಯಿದೆ ಬಂತು

ನಾಲ್ಕು ವರ್ಷದ ಹಿಂದೆ ಒಂದು ಬೈಕ್ ಕಳವಿನ ಮಹಜರಿಗೆ ಪಂಚನಾಗಿ, ಅಂದರೆ ಸ್ಥಳದ ಸಾಕ್ಷಿಯಾಗಿ, ಸಹಿ ಹಾಕಿದ್ದೆ. ಮರೆತೇ ಹೋಗಿತ್ತು. ಕಳೆದ ವಾರ ಸಮನ್ಸ್ ಬಂತು. ಅಂಗಡಿ ಮುಚ್ಚಿ ಹೋದೆ. ನನ್ನ ಸಾಕ್ಷಿ ಹತ್ತು ನಿಮಿಷದಲ್ಲಿ ಮುಗಿಯಿತು.

ಹೊರಗೆ ಆರೋಪಿ ಹುಡುಗ ಸಿಕ್ಕಿದ. ಜಾಮೀನಿನ ಮೇಲಿದ್ದಾನೆ, ಗಾರೆ ಕೆಲಸ. "ನಿಮ್ಮದು ಮುಗೀತಲ್ಲ ಅಣ್ಣಾ, ಪುಣ್ಯ" ಅಂದ. ಬೈಕ್ ಮಾಲೀಕರು ಊರು ಬಿಟ್ಟಿದ್ದಾರಂತೆ. ತನಿಖೆ ಮಾಡಿದ ಎಸ್‌ಐಗೆ ವರ್ಗವಾಗಿದೆ. ಇಬ್ಬರೂ ಒಂದು ಸಲವೂ ಬಂದಿಲ್ಲ. ಪ್ರತಿ ವಾಯಿದೆಗೂ ಇವನ ಒಂದು ದಿನದ ಕೂಲಿ ಖೋತಾ.

ಅವನು ಕದ್ದಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ತಕರಾರು ಬೇರೆ. ಇವನು ಒಂದು ದಿನ ತಪ್ಪಿಸಿದರೆ ವಾರಂಟ್. ಎಸ್‌ಐ ತಪ್ಪಿಸಿದರೆ ಮುಂದಿನ ವಾಯಿದೆ! ಸಾಕ್ಷಿಗೂ ವಾರಂಟ್ ಹೊರಡಿಸಬಹುದು, ನಿಜ. ಆದರೆ ಅದನ್ನು ಜಾರಿ ಮಾಡಬೇಕಾದವರೂ ಪೊಲೀಸರೇ ಅಲ್ವಾ?

ಬೇಗ ವಿಚಾರಣೆ ಆಗುವುದು ಸಂವಿಧಾನದ 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಅದು ಬಿಹಾರದ ವಿಚಾರಣಾಧೀನ ಕೈದಿಗಳ ಹುಸೇನಾರಾ ಖಾತೂನ್ ಪ್ರಕರಣ. ತಪ್ಪು ಸಾಬೀತಾಗಿದ್ದರೂ ಅಷ್ಟು ವರ್ಷ ಶಿಕ್ಷೆ ಆಗುತ್ತಿರಲಿಲ್ಲ, ಅಂಥವರೂ ಆ ಜೈಲುಗಳಲ್ಲಿದ್ದರು. ಆಮೇಲೆ ಇಂತಿಷ್ಟು ವರ್ಷದಲ್ಲಿ ಮುಗಿಯದಿದ್ದರೆ ಕೇಸು ಕೈಬಿಡಿ ಎಂಬ ತೀರ್ಪುಗಳೂ ಬಂದವು. 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ಗಡುವನ್ನು ತೆಗೆದುಹಾಕಿತು. ಅದು ನಮ್ಮ ಕರ್ನಾಟಕದಿಂದಲೇ ಹೋಗಿದ್ದ, ಪಿ. ರಾಮಚಂದ್ರ ರಾವ್ ಅವರ ಕೇಸು.

ಗಡುವು ಇಲ್ಲದಿರುವುದೇ ಒಳ್ಳೆಯದು ಅಂತ ನನಗೂ ಅನಿಸುತ್ತದೆ. ಇದ್ದಿದ್ದರೆ ದುಡ್ಡಿದ್ದವರು ತಾವೇ ಎಳೆದಾಡಿ ಪಾರಾಗುತ್ತಿದ್ದರು. ಆದರೆ 1991ರಲ್ಲಿ, ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಅಂತುಳೆ ಅವರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತ್ತು. ತಡ ಯಾರಿಂದ ಆಯಿತು ಎಂದು ನೋಡಬೇಕು. ನಾವು ಮರೆತಿರುವುದು ಇದನ್ನೇ. ಹುಡುಗ ಒಂದು ವಾಯಿದೆಯನ್ನೂ ಬಿಟ್ಟಿಲ್ಲ. ಹಾಗಿದ್ದರೆ ತಡದ ಭಾರ ಸರ್ಕಾರದ ಮೇಲೆ ಬೀಳಬೇಕಲ್ವಾ? ವರ್ಗವಾದ ಅಧಿಕಾರಿಯನ್ನು ವಿಡಿಯೋದಲ್ಲೇ ವಿಚಾರಿಸಬಹುದು. ಸಂಬಳ ಕೊಡುವ ಸರ್ಕಾರಕ್ಕೆ ತನ್ನ ಎಸ್‌ಐ ಎಲ್ಲಿದ್ದಾರೆಂದು ಹುಡುಕುವುದು ಕಷ್ಟವೇ? ಎರಡು ಮೂರು ಅವಕಾಶ ಕೊಟ್ಟು, ಆಮೇಲೂ ಕರೆತರದಿದ್ದರೆ ಆ ಸಾಕ್ಷಿಯನ್ನು ಕೈಬಿಟ್ಟು ಮುಂದಕ್ಕೆ ಹೋಗಲಿ. ಅಷ್ಟು ಅಧಿಕಾರ ಕೋರ್ಟಿಗೆ ಈಗಲೂ ಇದೆ.

ಅಂದಹಾಗೆ, ಸಾಕ್ಷಿ ಹೇಳಲು ಬಂದವರಿಗೆ ಬತ್ತೆ ಕೊಡಲು ಅವಕಾಶವಿದೆಯಂತೆ. ಮನೆಗೆ ಬಂದ ಮೇಲೆ ಗೊತ್ತಾಯಿತು. ಹುಡುಗನಿಗೆ ಅದೂ ಇಲ್ಲ.