ಮಾಳಿಗೆಯ ಆಂಟೆನಾಗೆ ನಿಮ್ಮ ಅಂಗಳ ಕಾಣುವುದಿಲ್ಲ: ಒಂದು ಸ್ಪಷ್ಟನೆ

ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ ಉಪಗ್ರಹದ ಚಿತ್ರ ಇಳಿಸಿಕೊಳ್ಳುವ ಹವ್ಯಾಸಿಗಳು ಊರಿನ ಮನೆ, ಅಂಗಳಗಳನ್ನು ಮೇಲಿನಿಂದ ನೋಡುತ್ತಿದ್ದಾರೆ ಎಂಬ ಸಂದೇಶ ಚಿತ್ರದುರ್ಗದ ಕೆಲವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸತ್ಯವಲ್ಲ. ನಾನೂ ಈ ಹವ್ಯಾಸದವನೇ ಆದ್ದರಿಂದ, ನೆರೆಹೊರೆಯವರ ಆತಂಕ ಕಂಡು ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ.

ರಷ್ಯಾದ ಮೀಟಿಯೊರ್-ಎಂ ಸರಣಿಯ ಹವಾಮಾನ ಉಪಗ್ರಹಗಳು ಸುಮಾರು 820 ಕಿ.ಮೀ. ಎತ್ತರದಿಂದ, ಯಾರು ಬೇಕಾದರೂ ಪಡೆಯಲೆಂದೇ 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬಿತ್ತರಿಸುವ ಸಂಕೇತವನ್ನು ನಾವು ಹಿಡಿಯುತ್ತೇವೆ. ಅದರಿಂದ ಮೂಡುವ ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ಎಂದರೆ ನೆಲದ ಮೇಲೆ ಸುಮಾರು 1 ಕಿ.ಮೀ.; ಏಳು ಸುತ್ತಿನ ಕೋಟೆಯೇ ಕೆಲವು ಚುಕ್ಕಿಗಳಲ್ಲಿ ಮುಗಿದುಹೋಗುವಾಗ ಅಂಗಳ ಕಾಣುವ ಮಾತೆಲ್ಲಿ? ಮೋಡವಿಲ್ಲದ ಬೆಳಿಗ್ಗೆ ವಾಣಿವಿಲಾಸ ಸಾಗರ ಕಪ್ಪು ಕಲೆಯಂತೆ ಗುರುತಾದರೆ ನಮಗೆ ಅದೇ ಹಬ್ಬ.

ಇಂಗ್ಲಿಷಿನ ‘ವಿ’ ಅಕ್ಷರದಂತೆ ಜೋಡಿಸಿದ ಎರಡು ಅಲ್ಯೂಮಿನಿಯಂ ಸರಳು, ಒಂದು ಯುಎಸ್‌ಬಿ ರಿಸೀವರ್, ಲ್ಯಾಪ್‌ಟಾಪ್, ಸಲಕರಣೆ ಇಷ್ಟೇ. ಉಪಗ್ರಹ ದಿಗಂತದಿಂದ ದಿಗಂತಕ್ಕೆ ದಾಟುವ ಹತ್ತು ಹದಿನೈದು ನಿಮಿಷಗಳಲ್ಲಿ ಚಿತ್ರವು ಪಟ್ಟಿ ಪಟ್ಟಿಯಾಗಿ ತೆರೆಯ ಮೇಲೆ ಮೂಡುತ್ತದೆ. ಈ ಆಂಟೆನಾ ಬಂದದ್ದನ್ನು ಪಡೆಯುತ್ತದೆಯೇ ಹೊರತು ಉಪಗ್ರಹಕ್ಕೆ ಯಾವ ಆದೇಶವನ್ನೂ ಕಳುಹಿಸುವುದಿಲ್ಲ.

ಸಂದೇಶದಲ್ಲಿ ಹೆಸರಿಸಿರುವ ಅಮೆರಿಕದ ನೋವಾ-15, 18, 19 ಹವಾಮಾನ ಉಪಗ್ರಹಗಳ ಸೇವೆ 2025ರಲ್ಲೇ ನಿಂತಿದೆ. ಹವ್ಯಾಸಿಗಳು ಅವುಗಳಿಂದ ಪಡೆಯುತ್ತಿದ್ದ ಚಿತ್ರದಲ್ಲಿ ಒಂದು ಚುಕ್ಕಿಗೆ ಸುಮಾರು 4 ಕಿ.ಮೀ. ಇತ್ತು. ಸಂದೇಶದ ಜೊತೆಗಿರುವ, ತಾರಸಿಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾದ ಚಿತ್ರವು ಇಂತಹ ಸಂಕೇತದಿಂದ ಬರಲು ಸಾಧ್ಯವೇ ಇಲ್ಲ.